ಎರಡು ಮುಳ್ಳಿನ ನೆಗ್ಗಿಲು, ನಾಲ್ಕು ಮುಳ್ಳಿನ ನೆಗ್ಗಿಲು

ನನ್ನ ತವರು ಪಾಲಹಳ್ಳಿ, ಕಾಲುವೆ ನೀರಿನ ಊರು. ಅಲ್ಲಿ ಬೆಳೆದವರ ಪಾದಕ್ಕೆ ಕೆಸರು ಗೊತ್ತು, ಜಿಗಣೆ ಗೊತ್ತು, ಕಬ್ಬಿನ ಸೋಗೆ ಕುಯ್ಯುವುದು ಗೊತ್ತು. ಮುಳ್ಳು ಮಾತ್ರ ಅಷ್ಟಾಗಿ ಗೊತ್ತಿಲ್ಲ. ಮದುವೆಯಾಗಿ ನಾಗಮಂಗಲದ ಕಡೆಯ ಹಳ್ಳಿಗೆ ಬಂದ ಮೂರನೆಯ ದಿನ, ಬಟ್ಟೆ ಒಣಹಾಕಲು ಬರಿಗಾಲಲ್ಲಿ ಹಿತ್ತಲಿಗೆ ಹೋದವಳು ಒಂಟಿಕಾಲಲ್ಲಿ ಕುಪ್ಪಳಿಸುತ್ತ ವಾಪಸು ಬಂದೆ. ಹಿಮ್ಮಡಿಗೆ ಕಡಲೆಕಾಳಿಗಿಂತ ಚಿಕ್ಕದೊಂದು ಒಣಕಾಯಿ ಕಚ್ಚಿಕೊಂಡಿತ್ತು. ಅತ್ತೆ ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನು ಕಿತ್ತರು. ಬಿಸಾಡುವ ಮೊದಲು ಬೆಳಕಿಗೆ ಹಿಡಿದು ನೋಡಿ, "ಗಂಡು ನೆಗ್ಲು. ಏನಾಗಕಿಲ್ಲ ಬುಡು" ಎಂದರು.

ಹೊಸ ಸೊಸೆಗೆ ಹೇಳುವ ಸಮಾಧಾನದ ಮಾತು ಎಂದುಕೊಂಡೆ. ಅದು ಸಮಾಧಾನವಲ್ಲ, ಗಿಡ ಗುರುತಿಸುವ ಶಾಸ್ತ್ರ ಎಂದು ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಅಷ್ಟು ವರ್ಷವೂ ನಾನು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು; ಓದಿದ್ದು ಸಸ್ಯಶಾಸ್ತ್ರ. ಮಕ್ಕಳಿಗೆ ದಾಸವಾಳದ ಹೂವನ್ನು ಸೀಳಿ ತೋರಿಸುತ್ತಿದ್ದೆನೇ ಹೊರತು ಕಾಲಿನ ಕೆಳಗಿನ ಹೂವನ್ನು ಬಗ್ಗಿ ನೋಡಿದವಳಲ್ಲ.

ಬಗ್ಗುವಂತೆ ಮಾಡಿದ್ದು ಬಸ್ಸು. ಶಾಲೆಗೆ ಹೋಗುವ ಬೆಳಗಿನ ಬಸ್ಸು ಎಂದೂ ಹೊತ್ತಿಗೆ ಸರಿಯಾಗಿ ಬರುವುದಲ್ಲ. ನಮ್ಮ ಹಳ್ಳಿಯ ಸ್ಟಾಪಿನಲ್ಲಿ ಒಂದು ಹೊಂಗೆಮರ, ಅದರಾಚೆ ಉಳದೆ ಬಿಟ್ಟ ಒಂದು ಹೊಲ. ಜೂನಿನಲ್ಲಿ ಎರಡು ಮಳೆ ಬಿದ್ದರೆ ಸಾಕು, ಆ ಹೊಲದ ಅಂಚಿನಲ್ಲಿ ನೆಗ್ಗಿಲು ನಾಲ್ಕೂ ಕಡೆಗೆ ಕೈಕಾಲು ಚಾಚಿ ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ. ಹುಣಸೆ ಎಲೆಯಂಥ ಪುಟ್ಟ ಎಲೆ, ಐದು ಎಸಳಿನ ಹಳದಿ ಹೂವು. ಬೆಳಗ್ಗೆ ಅರಳಿದ್ದು ಬಿಸಿಲೇರುವ ಹೊತ್ತಿಗೆ ಮುಗಿಯುತ್ತದೆ. ಒಂದು ದಿನ ಬಸ್ಸು ಮುಕ್ಕಾಲು ಗಂಟೆ ತಡವಾಯಿತು. ಹೊತ್ತು ಹೋಗದೆ ಮೊಬೈಲಿನಲ್ಲಿ ಹೂವಿನ ಫೋಟೊ ತೆಗೆದೆ. ಶಾಲೆಯಲ್ಲಿ ಊಟದ ವೇಳೆಗೆ ತೆಗೆದು ನೋಡಿದರೆ ಒಂದು ಫೋಟೊದ ಹೂವು ಅಂಗಿಯ ಗುಂಡಿಯಷ್ಟಿದೆ, ಇನ್ನೊಂದರದ್ದು ಅದರ ಎರಡರಷ್ಟಿದೆ. ಎರಡರಲ್ಲೂ ಪಕ್ಕದಲ್ಲಿ ನನ್ನ ಕಿರುಬೆರಳೇ ಇತ್ತು. ಆದ್ದರಿಂದ ಹತ್ತಿರ ಹಿಡಿದದ್ದು, ದೂರ ಹಿಡಿದದ್ದು ಎನ್ನುವ ಹಾಗಿರಲಿಲ್ಲ.

ಮರುದಿನ ಬೇಗ ಹೋಗಿ ಮಂಡಿಯೂರಿ ನೋಡಿದೆ. ದೊಡ್ಡ ಹೂವಿನ ಗಿಡದ ಎಲೆಯ ಮೇಲೆ ಬೆಳ್ಳಿ ಬಣ್ಣದ ರೋಮ ದಟ್ಟವಾಗಿತ್ತು. ಚಿಕ್ಕ ಹೂವಿನದರ ಎಲೆ ಹೆಚ್ಚುಕಮ್ಮಿ ನುಣುಪು. ಕಾಯಿಯನ್ನು ಬಿಡಿಸಿದರೆ ಎರಡೂ ಐದೈದು ಹೋಳಾದವು. ಆದರೆ ಚಿಕ್ಕ ಹೂವಿನದರ ಒಂದೊಂದು ಹೋಳಿಗೂ ನಾಲ್ಕು ಮುಳ್ಳು: ಎರಡು ಉದ್ದ, ಎರಡು ಗಿಡ್ಡ. ದೊಡ್ಡ ಹೂವಿನದಕ್ಕೆ ಎರಡೇ. ಆ ದಿನ ಬಸ್ಸು ಹೊತ್ತಿಗೆ ಸರಿಯಾಗಿ ಬಂದು, ನಾನು ಹೊಲದಲ್ಲಿ ಮಂಡಿಯೂರಿದ್ದುದರಿಂದ ನಿಲ್ಲದೆ ಹೋಯಿತು.

ಸಂಜೆ ಅತ್ತೆಯ ಮುಂದೆ ಎರಡೂ ಕಾಯಿ ಇಟ್ಟೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಕಣ್ಣು ಹಾಯಿಸಲೇ ಇಲ್ಲ. ಒಂದೊಂದನ್ನೂ ಅಂಗೈಯಲ್ಲಿಟ್ಟು ಬೆರಳಿನಿಂದ ಮೆಲ್ಲಗೆ ಒತ್ತಿ, ಇದು ಗಂಡು, ಇದು ಹೆಣ್ಣು ಎಂದರು. ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಗಂಡುದ್ಕೆ ನಾಕು ಕೊಂಬು. ಎಂಗೆ ಬಿದ್ರೂ ಚುಚ್ತದೆ, ಆದ್ರೆ ಮೇಲ್ಮೇಲೆ. ಹೆಣ್ಣುದ್ಕೆ ಎಲ್ಡೇ ಕಣವ್ವ. ಸುಮ್ಕೆ ಒಳೀಕೆ ಓಗಿ ಅಲ್ಲೇ ಮುರ್ಕತದೆ. ಆಮೇಲೆ ಒಂದು ವಾರ ನೆನಸ್ಕಬೇಕು ಅದ."

ಹೆಣ್ಣಿಗೆ ಈ ಅಪವಾದ ಯಾಕೆ ಎಂದು ಕೇಳಿದ್ದಕ್ಕೆ ಅವರು ನನ್ನನ್ನೊಮ್ಮೆ ನೋಡಿ ನಕ್ಕು ಅವರೆಕಾಯಿಗೆ ಮರಳಿದರು.

ಪುಸ್ತಕಗಳನ್ನು ಹುಡುಕಲು ಶುರುಮಾಡಿದೆ. ನೆಗ್ಗಿಲು ಮರುಭೂಮಿಗಳಲ್ಲಿ ಮತ್ತು ಒಣನಾಡಿನಲ್ಲಿ ಬೆಳೆಯುವ ಕಾಡುಹೂವು ಎಂದು ಎಲ್ಲ ಪುಸ್ತಕಗಳೂ ಒಪ್ಪುತ್ತಿದ್ದವು. ಅಲ್ಲಿಂದ ಮುಂದೆ ಒಂದೂ ಇನ್ನೊಂದನ್ನು ಒಪ್ಪುತ್ತಿರಲಿಲ್ಲ. ಎರಡೂ ಬೇರೆ ಬೇರೆ ಪ್ರಭೇದ ಎಂದು ಒಂದು. ಒಂದೇ ಪ್ರಭೇದದ ಎರಡು ಉಪಪ್ರಭೇದ, ಅಂದರೆ ಒಂದೇ ವಂಶದಿಂದ ಕವಲೊಡೆದ ಎರಡು ಮನೆತನ ಎಂದು ಇನ್ನೊಂದು. ಏನೂ ವ್ಯತ್ಯಾಸವಿಲ್ಲ, ಎಲ್ಲ ಒಂದೇ ಎಂದು ಮತ್ತೊಂದು. ಗಂಡನಿಗೆ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಅವರ ಕಿವಿಗೆ ಬಿದ್ದದ್ದು ಮರುಭೂಮಿ ಎಂಬ ಒಂದೇ ಪದ. ಪಾಲಹಳ್ಳಿಯವರಿಗೆ ನಾಲೆ ಇಲ್ಲದ ಊರೆಲ್ಲ ಮರುಭೂಮಿಯೇ, ನಮ್ಮ ತೆಂಗು ರಾಗಿ ಕಣ್ಣಿಗೆ ಬೀಳುವುದಿಲ್ಲ ಎಂದು ಎರಡು ದಿನ ಮುನಿಸಿಕೊಂಡರು.

ಆ ಡಿಸೆಂಬರಿನಲ್ಲಿ ಪಾಂಡವಪುರದಲ್ಲಿ ವಿಜ್ಞಾನ ಶಿಕ್ಷಕರಿಗೆ ಮೂರು ದಿನದ ತರಬೇತಿ ನಡೆಯಿತು. ತಮ್ಮ ಊರಿನ ಯಾವುದಾದರೊಂದು ಗಿಡದ ಬಗ್ಗೆ ಐದೈದು ನಿಮಿಷ ಮಾತಾಡಬೇಕಿತ್ತು. ನಾನು ನೆಗ್ಗಿಲಿನ ಫೋಟೊಗಳನ್ನು ಪರದೆಯ ಮೇಲೆ ತೋರಿಸಿ, ಇವೆರಡೂ ಉಪಪ್ರಭೇದಗಳೇ ಎಂದು ಧೈರ್ಯವಾಗಿ ಹೇಳಿ ಕುಳಿತೆ. ಚಪ್ಪಾಳೆಯೂ ಬಂತು. ಆಗ ಸಂಪನ್ಮೂಲ ವ್ಯಕ್ತಿಯಾಗಿ ಬಂದಿದ್ದ ಮೇಷ್ಟ್ರೊಬ್ಬರು ಎದ್ದರು. ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದವರು, ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಬಿಳಿ ಅಂಗಿ, ಜೇಬಿನಲ್ಲಿ ಮೂರು ಪೆನ್ನು.

"ಮೇಡಂ, ನಮ್ಮ ಬೀದೀಲಿ ಒಬ್ಬ ತಾಯಿಗೆ ಇಬ್ರು ಮಕ್ಳು ಅವ್ರೆ. ಒಬ್ಬ ಆರಡಿ, ಇನ್ನೊಬ್ಬ ಐದಡಿ. ಒಬ್ಬನ್ಗೆ ಮೈತುಂಬ ಕೂದ್ಲು, ಇನ್ನೊಬ್ಬನ್ಗೆ ತಲೇಲೂ ಇಲ್ಲ. ಅವ್ರನ್ನ ಉಪಪ್ರಭೇದ ಅನ್ನವಾ?"

ಹಾಲ್ ತುಂಬ ನಗು. ನಾನೂ ನಕ್ಕೆ, ಸಿಟ್ಟು ಮಾತ್ರ ಒಳಗೇ ಉಳಿಯಿತು. ಊಟದ ಸಾಲಿನಲ್ಲಿ ಅವರ ಹಿಂದೆಯೇ ನಿಂತು, ಮುಳ್ಳಿನ ಲೆಕ್ಕ ಹೇಗೆ ಬದಲಾಗುತ್ತದೆ ಹೇಳಿ ಎಂದು ಕೇಳಿದೆ. ಮಣ್ಣು, ನೀರು, ಬಿಸಿಲು, ಮೇಕೆಯ ಕಾಟ, ಇವು ಏನು ಬೇಕಾದರೂ ಮಾಡುತ್ತವೆ ಎಂದರು. ನೀರಿದ್ದ ಕಡೆ ಗಿಡ ಸೋಮಾರಿಯಾಗುತ್ತದೆ, ಇಲ್ಲದ ಕಡೆ ರೋಮ ಬಿಟ್ಟುಕೊಂಡು ಒದ್ದಾಡುತ್ತದೆ, ಅಷ್ಟೇ ವ್ಯತ್ಯಾಸ ಎಂಬುದು ಅವರ ವಾದ. ಅನ್ನಸಾರು ಮುಗಿದು ಮಜ್ಜಿಗೆಗೆ ಬಂದರೂ ನಮ್ಮ ಮಾತು ಮುಗಿಯಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಎರಡೂ ಬಗೆಯ ಬೀಜವನ್ನು ಇಬ್ಬರೂ ಬಿತ್ತುವುದು. ನಾನು ನಮ್ಮ ಕೆಂಪು ಮಣ್ಣಿನಲ್ಲಿ, ನೀರು ಹೆಚ್ಚು ಕೊಡದೆ; ಅವರು ಸಿಂಧಘಟ್ಟದ ಗದ್ದೆಮಣ್ಣಿನಲ್ಲಿ, ದಿನಾ ನೀರು ಹಾಕಿ. ವ್ಯತ್ಯಾಸ ಎರಡೂ ಕಡೆ ಉಳಿದರೆ ಅದು ವಂಶದ್ದು, ನಾನು ಗೆದ್ದೆ. ಅಳಿಸಿಹೋದರೆ ಅದು ಮಣ್ಣಿನದು, ಅವರು ಗೆದ್ದರು.

ಮುಂದಿನ ವಾರವೇ ಎರಡು ಪೊಟ್ಟಣ ಕಟ್ಟಿ, ಒಂದರ ಮೇಲೆ ಎರಡು, ಇನ್ನೊಂದರ ಮೇಲೆ ನಾಲ್ಕು ಎಂದು ಬರೆದು ಕಳಿಸಿಕೊಟ್ಟೆ. ಇಬ್ಬರ ಮನೆಯಲ್ಲೂ ಖಾಲಿ ಪೇಂಟ್ ಬಕೆಟ್ಟುಗಳಲ್ಲಿ ಬಿತ್ತನೆಯಾಯಿತು. ಪ್ರತಿ ಭಾನುವಾರ ಫೋಟೊ ಕಳಿಸಿಕೊಳ್ಳಬೇಕು ಎಂದು ಮಾತಾಗಿತ್ತು. ಜನವರಿ ಪೂರ್ತಿ ಅವರು ನನಗೆ ಮಣ್ಣಿನ ಫೋಟೊ ಕಳಿಸಿದರು, ನಾನು ಅವರಿಗೆ ಮಣ್ಣಿನ ಫೋಟೊ ಕಳಿಸಿದೆ. ಫೆಬ್ರವರಿಯಲ್ಲೂ ಅದೇ. ಅತ್ತೆ ಇದನ್ನು ನೋಡಿ, ಮೊದಲ ಮಳೆ ಬೀಳುವವರೆಗೆ ಅದು ಏಳುವುದಿಲ್ಲ, ಯಾರು ಎಬ್ಬಿಸಿದರೂ ಏಳುವುದಿಲ್ಲ ಎಂದರು. ಮೇಷ್ಟ್ರಿಗೆ ತಿಳಿಸಿದೆ. ಅವರು ಛಲಕ್ಕೆ ಬಿದ್ದು ನೀರು ಹಾಕುತ್ತಲೇ ಇದ್ದರು.

ಇದರ ನಡುವೆ, ಮಾರ್ಚಿನಲ್ಲಿ, ನನಗೆ ಮಹಾ ಶೋಧವೊಂದು ಒದಗಿತು.

ನಾನು ಹೋದಲ್ಲೆಲ್ಲ ನೆಗ್ಗಿಲಿನ ಒಣಕಾಯಿ ಆರಿಸಿ ತಂದು ಗಾಜಿನ ಡಬ್ಬಿಗಳಲ್ಲಿ ತುಂಬಿ, ಊರಿನ ಹೆಸರು ಬರೆದು ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಇಡುತ್ತಿದ್ದೆ. ಒಂದು ಭಾನುವಾರ ನಮ್ಮ ಬಸ್ ಸ್ಟಾಪಿನ ಡಬ್ಬಿಯನ್ನು ಕಾಗದದ ಮೇಲೆ ಸುರಿದು ಮುಳ್ಳು ಎಣಿಸಲು ಕುಳಿತೆ. ಎರಡು, ನಾಲ್ಕು, ನಾಲ್ಕು, ಎರಡು. ಆಮೇಲೆ ಸೊನ್ನೆ. ಮತ್ತೆ ಸೊನ್ನೆ. ಅರ್ಧ ಡಬ್ಬಿ ಕಾಯಿಗೆ ಮುಳ್ಳೇ ಇಲ್ಲ. ಮುಳ್ಳು ಇರಬೇಕಾದಲ್ಲಿ ಸಣ್ಣ ಬೊಕ್ಕೆಗಳಿದ್ದವು ಅಷ್ಟೆ. ಇದು ಮೂರನೆಯ ಉಪಪ್ರಭೇದ. ಯಾವ ಪುಸ್ತಕದಲ್ಲೂ ಇಲ್ಲದ್ದು. ನಮ್ಮ ಬಸ್ ಸ್ಟಾಪಿನಲ್ಲಿ, ನನ್ನ ಕಾಲ ಕೆಳಗೆ. ಅದಕ್ಕೆ ನಾಗಮಂಗಲದ ಹೆಸರನ್ನು ಲ್ಯಾಟಿನ್ನಿಗೆ ಹೇಗೆ ತಿರುಗಿಸಬಹುದು ಎಂದು ಒಂದು ಚೀಟಿಯಲ್ಲಿ ಬರೆದು ನೋಡಿದ್ದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಮೇಷ್ಟ್ರಿಗೆ ಫೋಟೊ ಕಳಿಸಿದೆ. ಯಾವಾಗಲೂ ಐದು ನಿಮಿಷದಲ್ಲಿ ಉತ್ತರಿಸುವವರು ಎರಡು ದಿನ ಸುಮ್ಮನಿದ್ದರು. ಆಮೇಲೆ, ನೋಡಬೇಕು, ಅವಸರ ಬೇಡ ಎಂದು ಬರೆದರು. ಅದನ್ನು ನಾನು ಹೊಟ್ಟೆಕಿಚ್ಚು ಎಂದು ಓದಿಕೊಂಡೆ. ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ, ಶೀಘ್ರದಲ್ಲೇ ಒಂದು ಸಂತೋಷದ ಸುದ್ದಿ ಎಂದು ಹಾಕಿಬಿಟ್ಟೆ. ಯಾರೋ ನನಗೆ ಬಡ್ತಿ ಸಿಕ್ಕಿತೆಂದುಕೊಂಡು ಅಭಿನಂದನೆ ಹೇಳಿದರು, ಅದನ್ನು ನೋಡಿ ಇನ್ನೂ ಹತ್ತು ಜನ ಹೇಳಿದರು. ಮುಂದಿನ ಶನಿವಾರ ಅರ್ಧ ದಿನ ರಜೆ ಹಾಕಿ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಪಾಂಡವಪುರ ಶ್ರೀರಂಗಪಟ್ಟಣ ದಾಟಿ ಮೈಸೂರಿಗೆ ಹೋದೆ. ಅಲ್ಲಿ ಒಣಗಿಡಗಳ ಸಂಗ್ರಹ ನೋಡಿಕೊಳ್ಳುವ ಪ್ರೊಫೆಸರೊಬ್ಬರ ಪರಿಚಯ ತರಬೇತಿಯಲ್ಲಿ ಆಗಿತ್ತು. ಮೆಲುಮಾತಿನ ಹೆಂಗಸು. ಅವರು ಕಾಯಿಯನ್ನು ಮೈಕ್ರೊಸ್ಕೋಪಿನ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಇನ್ನೊಂದನ್ನು ಇಟ್ಟರು. ಚಿಮಟದಿಂದ ಏನನ್ನೋ ಎಳೆದು ಬಿಳಿ ಹಾಳೆಯ ಮೇಲಿಟ್ಟರು.

"ಇದು ಗೋಣಿಚೀಲದ ನಾರು. ಮುಳ್ಳು ಇತ್ತು, ಯಾರೋ ಉಜ್ಜಿ ತೆಗೆದಿದ್ದಾರೆ," ಎಂದರು. ಆಮೇಲೆ ತುಂಬ ಸಂಕೋಚದಿಂದ ಕೇಳಿದರು: "ನಿಮ್ಮ ಮನೆಯಲ್ಲಿ ಯಾರಾದರೂ ಕಷಾಯ ಮಾಡ್ತಾರಾ?"

ಮಾಡುತ್ತಾರೆ. ಬೇಸಗೆಯಲ್ಲಿ ಉರಿಮೂತ್ರಕ್ಕೆ ಅತ್ತೆ ನೆಗ್ಗಿಲಿನ ಕಷಾಯ ಕುಡಿಯುವುದನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಕೈಗೆ ಚುಚ್ಚದಿರಲೆಂದು ಅವರು ಕಾಯಿಗಳನ್ನು ಗೋಣಿಚೀಲಕ್ಕೆ ಹಾಕಿ ಕಲ್ಲಿನ ಮೇಲೆ ತಿಕ್ಕುವುದನ್ನೂ ನೋಡಿದ್ದೇನೆ. ಪ್ರೊಫೆಸರರ ಕೋಣೆಯ ಫ್ಯಾನಿನ ಕೆಳಗೆ ನನ್ನ ಕಿವಿ ಬಿಸಿಯಾಯಿತು. ಅವರು ಕಾಫಿ ತರಿಸಿದರು. ಮಿಕ್ಕ ಎರಡು ಬಗೆಯ ವಿಚಾರ ನಿಜಕ್ಕೂ ತೀರ್ಮಾನವಾಗಿಲ್ಲ, ಹೂವು, ಎಲೆ, ಕಾಯಿ ಮೂರೂ ಇರುವ ಗಿಡವನ್ನು ಒಣಗಿಸಿ ತಂದುಕೊಡಿ, ನಿಮ್ಮ ಕಡೆಯ ಮಾದರಿ ನಮ್ಮಲ್ಲಿ ಕಡಿಮೆ ಎಂದು ಹೇಳಿ ಕಳಿಸಿದರು.

ಮನೆಗೆ ಬಂದು ಡಬ್ಬಿಯನ್ನು ಅತ್ತೆಯ ಮುಂದಿಟ್ಟು, ಇದರಲ್ಲಿ ಏನಾದರೂ ಹಾಕಿದಿರಾ ಎಂದು ಕೇಳಿದೆ. ಅವರ ಮುಖ ಅರಳಿತು.

"ಊಂ ಕಣವ್ವ. ಅರ್ಧ ಡಬ್ಬ ಖಾಲಿ ಇತ್ತು. ಇಸ್ಕೂಲು ಕೆಲ್ಸದಾಗೆ ನೀನೆಲ್ಲಿ ಆರ್ಸಕಾಯ್ತದೆ ಅಂತ ನಂದೇ ಒಂದಷ್ಟು ತುಂಬ್ಸಿಟ್ಟೆ. ಸಾಲ್ದಾ?"

ಸಾಕು ಎಂದೆ. ತಮ್ಮ ಕಷಾಯದ ಕಾಯಿಯನ್ನು ಕಡಿಮೆ ಮಾಡಿಕೊಂಡು ಅವರು ನನಗೆ ಕೊಟ್ಟಿದ್ದರು. ಬಚ್ಚಲುಮನೆಗೆ ಹೋಗಿ ಮುಖ ತೊಳೆದುಕೊಂಡೆ. ತೊಳೆಯುತ್ತ ತೊಳೆಯುತ್ತ ನಗು ಬಂತು. ತಡೆಯಲಾಗದೆ ಒಬ್ಬಳೇ ನಕ್ಕೆ. ಗಂಡ ಹೊರಗಿನಿಂದ ಏನಾಯಿತೆಂದು ಬಾಗಿಲು ಬಡಿದರು.

ವಾಟ್ಸಾಪ್ ಗುಂಪಿನಲ್ಲಿ ಸಂತೋಷದ ಸುದ್ದಿ ಯಾವುದು ಎಂದು ಕೇಳುತ್ತಲೇ ಇದ್ದರು. ನಮ್ಮ ಹಸು ಕರು ಹಾಕಿತು ಎಂದು ಬರೆದೆ. ಅದು ಸುಳ್ಳೇನಲ್ಲ, ಆ ವಾರವೇ ಹಾಕಿತ್ತು. ಆದರೆ ಮೇಷ್ಟ್ರಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಫೋನು ಮಾಡಿ ಗೋಣಿಚೀಲದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ. ತಮಗೂ ಆ ಫೋಟೊ ನೋಡಿ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ, ಮೂವತ್ತು ವರ್ಷ ಪಾಠ ಹೇಳಿದವನ ಕಣ್ಣಿಗೆ ಬೀಳದ್ದು ಇವರಿಗೆ ಸಿಕ್ಕಿತಲ್ಲ ಎಂದು ಸಂಕಟವಾಗಿತ್ತು ಎಂದರು. ಆಮೇಲೆ, "ಓಗ್ಲಿ ಬುಡಿ ಮೇಡಂ, ಒಂದು ಲೋಟ ಕಷಾಯ ಕುಡ್ದು ತಣ್ಣಗೆ ಮಲೀಕಳಿ" ಎಂದು ಫೋನಿಟ್ಟರು. ಅಂದಿನಿಂದ ಅವರ ಮೇಲಿದ್ದ ನನ್ನ ಸಿಟ್ಟು ಇಳಿಯಿತು.

ಮೇ ತಿಂಗಳ ಎರಡನೇ ಮಳೆಗೆ ನನ್ನ ಎರಡೂ ಬಕೆಟ್ಟುಗಳಲ್ಲಿ ಮೊಳಕೆ ಕಾಣಿಸಿತು. ಅದೇ ವಾರ ಸಿಂಧಘಟ್ಟದಲ್ಲೂ. ಐದು ತಿಂಗಳಿಂದ ಬರೀ ಮಣ್ಣು ನೋಡಿದ್ದ ನಮಗೆ ಆ ಎರಡೆಲೆಗಳ ಫೋಟೊ ಹಬ್ಬದಂತಿತ್ತು. ಅವರ ಗಿಡಗಳು ನೀರು ಕುಡಿದು ಬಕೆಟ್ಟಿನಿಂದ ಹೊರಗೆ ಜೋತುಬಿದ್ದವು. ನನ್ನವು ಬಡಕಲಾಗಿ, ಆದರೆ ಚುರುಕಾಗಿ, ಜೂನಿನ ಕೊನೆಗೇ ಹೂವು ಬಿಟ್ಟವು. ಎರಡರ ಬಕೆಟ್ಟಿನಲ್ಲಿ ದೊಡ್ಡ ಹೂವು, ನಾಲ್ಕರ ಬಕೆಟ್ಟಿನಲ್ಲಿ ಚಿಕ್ಕದು. ನನ್ನ ಮನೆಯಲ್ಲಂತೂ ನಾನು ಗೆದ್ದಿದ್ದೆ. ಸಿಂಧಘಟ್ಟದ ಫಲಿತಾಂಶ ಬರಬೇಕಿತ್ತು.

ಆ ಭಾನುವಾರ ಫೋಟೊ ಬರಲಿಲ್ಲ. ಮಂಗಳವಾರ ಮೇಷ್ಟ್ರೇ ಫೋನು ಮಾಡಿದರು. ಊರಿನ ಮಳೆ, ಮನೆಯವರ ಆರೋಗ್ಯ, ಹಾಲಿನ ಡೇರಿ ಎಲ್ಲ ಆದ ಮೇಲೆ ವಿಷಯಕ್ಕೆ ಬಂದರು. ಅವರ ಹೆಂಡತಿ ತುಳಸಿಕಟ್ಟೆ ಸುತ್ತುವಾಗ ಬಕೆಟ್ಟಿನಿಂದ ಇಳಿಬಿದ್ದ ಕೊಂಬೆಯನ್ನು ತುಳಿದರಂತೆ. ಮುಳ್ಳು ತೆಗೆದುಕೊಂಡು, ಒಂದು ಗಿಡವನ್ನು ಬುಡಸಮೇತ ಕಿತ್ತು ತಿಪ್ಪೆಗೆ ಹಾಕಿ, ಬಕೆಟ್ಟನ್ನು ತೊಳೆದು ಮುಸುರೆಗೆ ಇಟ್ಟುಕೊಂಡರಂತೆ. ಇನ್ನೊಂದನ್ನೂ ಕೀಳುವಷ್ಟರಲ್ಲಿ ಇವರು ಓಡಿಬಂದು ಅಡ್ಡ ನಿಂತರಂತೆ. ಬಕೆಟ್ಟುಗಳ ಮೇಲೆ ಅಂಟಿಸಿದ್ದ ಚೀಟಿಗಳು ದಿನಾ ನೀರು ಬಿದ್ದು ಎಂದೋ ಕಳಚಿಹೋಗಿದ್ದವು; ಉಳಿದ ಗಿಡದ ಕಾಯಿ ಇನ್ನೂ ಎಳಸು, ಮುಳ್ಳು ಎಣಿಸುವಂತಿರಲಿಲ್ಲ.

"ಈಗ ಉಳ್ದಿರದು ಯಾವ್ದು ಅಂತ ಗೊತ್ತಾಯ್ತಿಲ್ಲ," ಎಂದರು. ದನಿ ಸಣ್ಣದಾಗಿತ್ತು. "ನೀವು ಎಂಗೆ ಗುರುತು ಇಡೀತೀರಿ, ಒಸಿ ಏಳಿ."

ಎರಡಕ್ಕೂ ವ್ಯತ್ಯಾಸವೇ ಇಲ್ಲ ಎಂದು ತುಂಬಿದ ಸಭೆಯಲ್ಲಿ ಎದ್ದುನಿಂತು ಹೇಳಿದವರು ಕೇಳುತ್ತಿದ್ದರು. ನನಗೆ ಹೇಳಲು ಬಹಳ ಮಾತು ನಾಲಗೆಯ ತುದಿಗೆ ಬಂತು. ಗೋಣಿನಾರು ನೆನಪಾಗಿ ನುಂಗಿಕೊಂಡೆ. ಬಕೆಟ್ಟನ್ನೇ ತಂದುಬಿಡಿ, ನಮ್ಮ ಅತ್ತೆ ನೋಡುತ್ತಾರೆ ಎಂದೆ.

ಭಾನುವಾರ ಬೆಳಗ್ಗೆ ಅವರು ಬಸ್ಸಿಳಿದರು. ಬಕೆಟ್ಟಿಗೆ ಪಂಚೆಯ ತುಂಡು ಸುತ್ತಿದ್ದರು. ಕೂತವರ ಕಾಲಿಗೆಲ್ಲ ಚುಚ್ಚಿತೆಂದು ಕಂಡಕ್ಟರು ಅವರನ್ನು ಹಿಂದಿನ ಬಾಗಿಲ ಬಳಿ ನಿಲ್ಲಿಸಿಕೊಂಡೇ ಬಂದಿದ್ದನಂತೆ. ಜಗುಲಿಯ ಮೇಲೆ ಬಕೆಟ್ಟು ಇಟ್ಟೆವು. ಹೂವು ಅರಳಿತ್ತು. ದೊಡ್ಡ ಹೂವು. ನಾನು ಬಾಯಿ ತೆರೆಯುವ ಮೊದಲೇ ಅವರು ಎಲೆ ತೋರಿಸಿದರು. ಅದರಲ್ಲಿ ರೋಮವಿರಲಿಲ್ಲ, ಹೆಚ್ಚುಕಮ್ಮಿ ನುಣುಪು. ಹೂವು ನೋಡಿದರೆ ಒಂದು, ಎಲೆ ನೋಡಿದರೆ ಇನ್ನೊಂದು. ಇಬ್ಬರೂ ಅತ್ತೆಯ ಕಡೆ ನೋಡಿದೆವು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಕುಳಿತು, ಬಲಿತ ಕಾಯೊಂದನ್ನು ಕಿತ್ತು ಬಿಡಿಸಿ, ಒಂದು ಹೋಳನ್ನು ಅಂಗೈಯಲ್ಲಿಟ್ಟು ಒತ್ತಿದರು. ಕಣ್ಣು ಮುಚ್ಚಿದ್ದರು. ಮೇಷ್ಟ್ರು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ಪೆನ್ನು ಹಿಡಿದು ನಿಂತಿದ್ದರು.

"ಹೆಣ್ಣು," ಎಂದರು ಅತ್ತೆ. "ಎಲ್ಡೇ ಕೊಂಬು. ನೀರು ಕುಡ್ದು ಮೈ ಬಂದದೆ, ಅದ್ಕೆ ಕೂದ್ಲು ಉದ್ರೋಗದೆ. ಗುಣ ಮಾತ್ರ ಅದೇಯ."

ಹೂವು, ಮುಳ್ಳು ವಂಶದ್ದು, ಆದ್ದರಿಂದ ನಾನು ಗೆದ್ದೆ ಎಂದೆ. ರೋಮ ನೀರಿನದು, ಆದ್ದರಿಂದ ನಾನು ಗೆದ್ದೆ ಎಂದರು ಮೇಷ್ಟ್ರು. ಉತ್ಸಾಹ ಏರಿ ಅವರು ಅತ್ತೆಗೆ ಪಾಠವನ್ನೇ ಶುರುಮಾಡಿದರು. ಒಂದೇ ಹೂವಿನಲ್ಲಿ ಗಂಡುಭಾಗ, ಹೆಣ್ಣುಭಾಗ ಎರಡೂ ಇರುತ್ತವೆ, ಆದ್ದರಿಂದ ನೆಗ್ಗಿಲಿನಲ್ಲಿ ಗಂಡು, ಹೆಣ್ಣು ಎಂದು ಬೇರೆ ಬೇರೆ ಗಿಡ ಇರಲು ಸಾಧ್ಯವಿಲ್ಲ ಎಂದು ಹೂವು ಬಿಡಿಸಿ ತೋರಿಸಿದರು. ಅತ್ತೆ ಕೊನೆಯವರೆಗೂ ಗೌರವದಿಂದ ಕೇಳಿದರು. ಮೇಷ್ಟ್ರು ಚಪ್ಪಲಿ ಹಾಕಿಕೊಂಡೇ ಓದಿರಬೇಕು, ಅದಕ್ಕೇ ಗೊತ್ತಾಗಿಲ್ಲ ಎಂದು ನನ್ನ ಕಡೆ ತಿರುಗಿ ಹೇಳಿ, ಮುದ್ದೆಗೆ ಎಸರಿಡಲು ಒಳಗೆ ಹೋದರು.

ಅಂದು ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು ಉಂಡ ಮೇಲೆ ನಾನೂ ಮೇಷ್ಟ್ರೂ ಜಗುಲಿಯಲ್ಲಿ ಹಳೆಯ ಪತ್ರಿಕೆಗಳನ್ನು ಹರಡಿಕೊಂಡು ಗಿಡಗಳನ್ನು ಒಣಗಿಸಲು ಹಾಕಿದೆವು. ಕೆಂಪು ಮಣ್ಣಿನ ಎರಡು, ಗದ್ದೆಮಣ್ಣಿನ ಒಂದು. ಅವರು ಎಲೆಗಳನ್ನು ಬೆರಳ ತುದಿಯಲ್ಲಿ ಬಿಡಿಸಿ ಮಲಗಿಸುತ್ತಿದ್ದ ರೀತಿ ನೋಡಿ, ಇಷ್ಟು ವರ್ಷ ಇವರ ಹತ್ತಿರ ಪಾಠ ಕೇಳಿದ ಮಕ್ಕಳ ಮೇಲೆ ನನಗೆ ಸ್ವಲ್ಪ ಅಸೂಯೆಯಾಯಿತು. ಮೇಲೆ ಅತ್ತೆಯ ಒರಳುಕಲ್ಲಿನ ಗುಂಡನ್ನು ಹೇರಿದೆವು. ಎರಡು ವಾರ ದಿನಾ ಪತ್ರಿಕೆ ಬದಲಿಸಿದೆ. ಪ್ರತಿ ಸಲವೂ ಯಾವುದಾದರೊಂದು ಬೆರಳಿಗೆ ಮುಳ್ಳು ತಾಗುತ್ತಿತ್ತು.

ಒಣಗಿದ ಗಿಡಗಳನ್ನು ಅಂಟಿಸಿದ ಹಾಳೆಗಳನ್ನು ಕೊಡಲು ಇಬ್ಬರೂ ಒಟ್ಟಿಗೆ ಮೈಸೂರಿಗೆ ಹೋದೆವು; ನಾನು ಈ ಕಡೆಯಿಂದ, ಅವರು ಕೆ.ಆರ್. ಪೇಟೆಯ ಕಡೆಯಿಂದ ಬಂದು ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಸೇರಿಕೊಂಡೆವು. ದಾರಿಯುದ್ದಕ್ಕೂ ಹೆಸರಿನ ಬಗ್ಗೆ ವಾದ ಮಾಡಿದೆವು. ಎರಡು ಉಪಪ್ರಭೇದ ಎಂದು ಬರೆಯಬೇಕು ಎಂದು ನಾನು, ಒಂದೇ ಹೆಸರು ಸಾಕು ಎಂದು ಅವರು. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಮುಂದಿನ ಸೀಟಿನ ಹೆಂಗಸು ಹಿಂದೆ ತಿರುಗಿ ನೋಡಿದರು. ಮಗುವಿನ ನಾಮಕರಣದ ಜಗಳ ಎಂದುಕೊಂಡಿರಬೇಕು, ಯಾವುದಾದರೂ ದೇವರ ಹೆಸರು ಇಡಿ ಎಂದರು.

ಪ್ರೊಫೆಸರು ಹಾಳೆಗಳನ್ನು ಲೆನ್ಸಿನಲ್ಲಿ ನೋಡಿ, ನಮ್ಮಿಬ್ಬರ ವಾದವನ್ನೂ ಕೇಳಿದರು. ಗೋಣಿನಾರಿನ ಪ್ರಸ್ತಾಪವನ್ನು ಅವರು ಎತ್ತಲಿಲ್ಲ, ಅದಕ್ಕೆ ನಾನು ಇಂದಿಗೂ ಋಣಿ. ಮೂರು ಬಕೆಟ್ಟಿನಿಂದ ಇದು ತೀರುವುದಿಲ್ಲ, ಇನ್ನೂ ಬೇರೆ ಊರಿನ ಗಿಡಗಳನ್ನು ಪಕ್ಕದಲ್ಲಿಟ್ಟು ನೋಡಬೇಕು ಎಂದು ಹೇಳಿ, ಡ್ರಾಯರಿನಿಂದ ಒಂದು ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ಟರು. ಹೆಸರಿನ ಜಾಗದಲ್ಲಿ ಸದ್ಯಕ್ಕೆ, ಮುಂದೆ ಅಳಿಸಲು ಬರುವಂತೆ, ಪೆನ್ಸಿಲಿನಲ್ಲೇ ಬರೆಯಬೇಕಂತೆ. ನಾನು ನನ್ನ ಎರಡು ಹಾಳೆಗಳ ಮೇಲೆ ಎರಡು ಉಪಪ್ರಭೇದದ ಹೆಸರು ಬರೆದೆ. ಮೇಷ್ಟ್ರು ಜೇಬಿನ ಮೂರು ಪೆನ್ನುಗಳನ್ನು ಮುಟ್ಟಿ ನೋಡಿಕೊಂಡು, ಕೈ ಚಾಚಿ ಪೆನ್ಸಿಲ್ ಈಸಿಕೊಂಡು, ತಮ್ಮ ಹಾಳೆಯ ಮೇಲೆ ಆ ಒಂದೇ ಹೆಸರನ್ನು ತುಂಬ ತೆಳ್ಳಗೆ ಬರೆದರು.